ಹಿನ್ನೀರ ದಂಡೆಯಲ್ಲಿ ಮೈಕ್ ಗುರಪ್ಪ

ಜನವರಿ 2, ಶುಕ್ರವಾರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿನಲ್ಲಿ ನನ್ನ ದನಿ ಕೇಳದ ಕಿವಿಯಿಲ್ಲ. ಇದು ಜಂಬವಲ್ಲ, ಊರಿಗೆಲ್ಲ ಗೊತ್ತಿರುವ ಮಾತು. ಕುಸ್ತಿ ಎಲ್ಲೇ ನಡೆಯಲಿ, ಮೈಕು ಹಿಡಿಯುವವನು ನಾನೇ. ಪೈಲ್ವಾನ ಕಣಕ್ಕೆ ಇಳಿಯುವ ಮೊದಲು ಅವನ ಹೆಸರು, ಊರು, ಗರಡಿ, ಗುರು ಎಲ್ಲವನ್ನೂ ನಾನು ಕೂಗಿ ಹೇಳಿದರೇ ಅವನ ತೊಡೆಗೆ ಬಲ ಬರುವುದು. ನನ್ನ ಮನೆತನದ ಹೆಸರು ಜನಕ್ಕೆ ಮರೆತೇ ಹೋಗಿದೆ. ಎಲ್ಲರ ಬಾಯಲ್ಲೂ ನಾನು ಮೈಕ್ ಗುರಪ್ಪ.

ಅಂಥ ನಾನು ಇವತ್ತು ಕಟ್ಟಿಗೆಯ ಮನೆಯೊಂದರ ಕಟ್ಟೆಯ ಮೇಲೆ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ. ಎದುರಿಗೆ ಆಲಮಟ್ಟಿ ಹಿನ್ನೀರು, ಕಣ್ಣು ಹಾಯುವಷ್ಟು ದೂರ.

ಗಂಟಲಲ್ಲಿ ಗಂಟು ಬೆಳೆದಿತ್ತು. ವಿಜಯಪುರದ ಡಾಕ್ಟರು ತೆಗೆದು, ಅದರ ತುಣುಕನ್ನು ಪರೀಕ್ಷೆಗೆ ಕಳಿಸಿದ್ದಾರೆ. "ಮೂರು ವಾರ ಪಿಸುಮಾತು ಸೈತ ಆಡಬ್ಯಾಡ್ರಿ. ಒಂದ್ಸಲ ಚೀರಿದ್ರಿ ಅಂದ್ರ ಗಾಯ ಬಿಚ್ಚಿಕೋತದ, ಆಮ್ಯಾಗ ನನ್ನ ಕೈಯಾಗ ಏನೂ ಇರೂದಿಲ್ಲ" ಎಂದಿದ್ದಾರೆ. ಇಂಡಿಯ ನಮ್ಮ ಮನೆಗೆ ದಿನವಿಡೀ ಜನ ಬರುತ್ತಾರೆ. ಬಂದವರ ಎದುರು ಅಪ್ಪ ಸುಮ್ಮನಿರುವ ಆಸಾಮಿಯಲ್ಲ ಎಂದು ಮಗಳು ಭಾಗ್ಯಜ್ಯೋತಿ ಸಿಂದಗಿಯಿಂದಲೇ ಫೋನು ಮಾಡಿ ಈ ಮನೆ ಹಿಡಿದಳು. ಒಂದು ಪಾಟಿ, ಒಂದು ಡಬ್ಬಿ ಬಳಪ, ಒಂದು ಡೈರಿ ಕೊಟ್ಟು ನನ್ನನ್ನೂ ಅವಳ ಅವ್ವನನ್ನೂ ಇಲ್ಲಿ ಇಳಿಸಿ ಹೋಗಿದ್ದಾಳೆ.

ಅವಳ ಅವ್ವ ಒಳಗೆ ಸಾಮಾನು ಹೊಂದಿಸುತ್ತಿದ್ದಾಳೆ. ಅವಳಿಗೆ ಇದೇನೂ ತ್ರಾಸವಲ್ಲ. ಮೊದಲಿನಿಂದಲೂ ಮಾತು ಕಡಿಮೆ.

ಜನವರಿ 3, ಶನಿವಾರ

ನೀರಿನ ದಂಡೆಗೆ ಇಂಥ ಮನೆಗಳು ಮೂರಿವೆ. ಕಟ್ಟಿಸಿದವನು ಮುಳವಾಡ ಕಡೆಯ ಶಮಶುದ್ದೀನ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಹಿಂದೆ ಹೊಲ, ಮುಂದೆ ನೀರು. ಅವನ ಹೆಂಡತಿ ಅಬಿದಾ ಅಡಿಗೆ ನೋಡಿಕೊಳ್ಳುತ್ತಾಳೆ.

ಬೆಳಿಗ್ಗೆ ಚಹಾ ತಂದ ಶಮಶುದ್ದೀನ ನನ್ನ ಮುಖವನ್ನೇ ನೋಡಿದ. "ಕಾಕಾ, ನೀವು ಮೈಕ್ ಗುರಪ್ಪನವರಲ್ಲೇನ್ರಿ? ಆಲಮೇಲದ ಕುಸ್ತಿಯೊಳಗ ನಿಮ್ಮ ದನಿ ಕೇಳೇನ್ರಿ. ಏನ್ ದನೀರಿ ಅದು!"

ನನಗೆ ಎದೆ ಉಬ್ಬಿತು, ಬಾಯಿ ತೆರೆಯಿತು. ಒಳಗಿನಿಂದ ನಮ್ಮಾಕೆ ಕೆಮ್ಮಿದಳು. ಬಾಯಿ ಮುಚ್ಚಿದೆ. ಕೈ ಎತ್ತಿ ನಮಸ್ಕಾರ ಮಾಡಿದೆ, ಅಷ್ಟೇ. ರಾಜನ ಕೈಯಿಂದ ಕತ್ತಿ ಕಸಿದ ಹಾಗೆ.

ಮಧ್ಯಾಹ್ನ ಪಾಟಿಯ ಮೇಲೆ ಬರೆದೆ: ಚಟ್ನಿಗೆ ಉಪ್ಪು ಕಡಿಮೆ, ಫ್ಯಾನಿನ ಸದ್ದು ಜಾಸ್ತಿ, ನಾಳೆ ಬೇಗ ಏಳಬೇಕು, ಮಗಳಿಗೆ ಫೋನು ಹಚ್ಚು. ತೋರಿಸಿದೆ. "ಚಸ್ಮಾ ಒಳಗೈತ್ರಿ" ಎಂದು ಹೇಳಿ ನೀರಿನ ಕಡೆ ಹೋದಳು. ಬಹಳ ಹೊತ್ತು ಬರಲಿಲ್ಲ.

ಜನವರಿ 5, ಸೋಮವಾರ

ಶಮಶುದ್ದೀನ ತನ್ನ ಜೀಪಿನಲ್ಲಿ ಆಲಮಟ್ಟಿಗೆ ಕರೆದುಕೊಂಡು ಹೋದ. ಪಕ್ಕದ ಮನೆಯಲ್ಲಿ ಇಳಿದಿರುವ ದಾವಣಗೆರೆಯ ದಂಪತಿಯೂ ಜೊತೆಗಿದ್ದರು. ಆಣೆಕಟ್ಟು, ಕಲ್ಲಿನ ಉದ್ಯಾನ, ಸಂಜೆ ಹಾಡಿಗೆ ಕುಣಿಯುವ ಕಾರಂಜಿ, ಎಲ್ಲ ನೋಡಿದೆವು. ನಾನು ನೂರು ಸಲ ನೋಡಿದ್ದೇ. ಆದರೆ ಹೊಸಬರ ಎದುರು ನಮ್ಮ ಸೀಮೆಯನ್ನು ವರ್ಣಿಸುವ ಅವಕಾಶ ಸಿಕ್ಕು ವರ್ಣಿಸಲಾಗದಿದ್ದರೆ ಅದು ಹಸಿದವನ ಎದುರು ತಾಟು ಇಟ್ಟು ಕೈ ಕಟ್ಟಿದ ಹಾಗೆ.

ದಾವಣಗೆರೆಯ ಹೆಣ್ಣುಮಗಳು ಕೇಳಿದಳು, "ಇಷ್ಟು ನೀರು ನಿಲ್ಲೋಕೆ ಮುಂಚೆ ಇಲ್ಲಿ ಏನಿತ್ತು?"

ನಾನು ಪಾಟಿ ತೆಗೆಯುವಷ್ಟರಲ್ಲಿ ನಮ್ಮಾಕೆ ಶುರು ಮಾಡಿದ್ದಳು. "ಹೊಳಿ ಸಣ್ಣದಿತ್ರೀ ಯವ್ವಾ. ಬ್ಯಾಸಗ್ಯಾಗ ಮಳಲ ಮ್ಯಾಲೆ ಕಾಣ್ತಿತ್ತು. ಮಳಲಾಗ ಕಲ್ಲಂಗಡಿ ಬಳ್ಳಿ ಹಬ್ಬಿಸ್ತಿದ್ವಿ. ಒಡದ್ರ ಒಳಗ ಅಷ್ಟು ಕೆಂಪ, ಕೈಯಿ ತೊಳದ್ರೂ ಬಣ್ಣ ಹೋಗ್ತಿರ್ಲಿಲ್ಲ." ಕುಣಿಯುವ ಕಾರಂಜಿಯನ್ನು ಬಿಟ್ಟು ಅವರಿಬ್ಬರೂ ಇವಳ ಬಾಯಿಯನ್ನೇ ನೋಡುತ್ತಿದ್ದರು. ಶಮಶುದ್ದೀನನೂ.

ಪರವಾಗಿಲ್ಲ, ಚೆನ್ನಾಗಿಯೇ ಹೇಳಿದಳು. ಇಷ್ಟು ವರ್ಷ ನನ್ನ ಜೊತೆ ಬಾಳಿದವಳು. ಅಷ್ಟಾದರೂ ನನ್ನಿಂದ ಕಲಿತಿರಬೇಕು.

ಜನವರಿ 6

ನುಂಗಿದರೆ ನೋವು. ಪರೀಕ್ಷೆಯ ಸುದ್ದಿ ಇಲ್ಲ. ಬರೆಯುವ ಮನಸ್ಸಿಲ್ಲ.

ಜನವರಿ 8, ಗುರುವಾರ

ಇವತ್ತು ಶಮಶುದ್ದೀನನ ಹೊಲದಲ್ಲಿ ಸೀತನಿ. ಹಾಲುಗಾಳಿನ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸಿ, ಶೇಂಗಾ ಹಿಂಡಿ, ಬೆಲ್ಲ, ಕೆನೆಮೊಸರು ಹಚ್ಚಿಕೊಂಡು ತಿನ್ನುವುದು. ದಾವಣಗೆರೆಯವನು ಮೊದಲ ಮುಕ್ಕಿಗೆ ಕಣ್ಣು ಮುಚ್ಚಿಕೊಂಡ. ನಮ್ಮ ಬಿಳಿಜೋಳ ಎಂಥವನ ಕಣ್ಣನ್ನೂ ಮುಚ್ಚಿಸುತ್ತದೆ. ನೀರಿನ ಆಚೆ ಮೂಲೆಯಲ್ಲಿ ಉದ್ದ ಕಾಲಿನ ತಿಳಿಗುಲಾಬಿ ಹಕ್ಕಿಗಳು ಇಳಿದಿದ್ದವು. ಎಲ್ಲೆಲ್ಲಿಂದಲೋ ಹಾರಿ ನಮ್ಮ ನೀರಿಗೇ ಬರುತ್ತವೆ ಎಂದರೆ ಸುಮ್ಮನೆ ಅಲ್ಲ.

ತಿನ್ನುತ್ತ ಅಬಿದಾ ಕೇಳಿದಳು, "ಸಾವಂತ್ರಕ್ಕ, ನಿಮ್ಮ ತವರೂರು ಯಾವುದ್ರಿ?"

ನಮ್ಮಾಕೆ ಜೋಳದ ದಂಟಿನಿಂದ ನೀರಿನ ಕಡೆ ತೋರಿಸಿದಳು. "ಅಲ್ಲೇ. ಆ ಹಕ್ಕಿ ಕುಂತಾವಲ್ಲ, ಅದಕ್ಕಿಂತ ಈಚೀಗೆ. ಊರು ಎತ್ತಂಗಡಿ ಆಗಿ ಭಾಳ ವರ್ಷಾತು. ನಮ್ಮಪ್ಪನ ಹೊಲ ನಡುಗಡ್ಡಿಯೊಳಗಿತ್ತು. ಬುತ್ತಿ ಕೊಡಾಕ ನಾನ ತೆಪ್ಪ ಹಾಕ್ಕೊಂಡು ಹೋಗ್ತಿದ್ದೆ. ಮಳಿಗಾಲದಾಗ ಸೈತ."

ತೆಪ್ಪ ಎಂದರೆ ಬುಟ್ಟಿಯಂಥ ದುಂಡನೆಯ ದೋಣಿ. ಹಿಂದಿಲ್ಲ, ಮುಂದಿಲ್ಲ. ಗೊತ್ತಿಲ್ಲದವರು ಹುಟ್ಟು ಹಾಕಿದರೆ ನಿಂತಲ್ಲೇ ಗಿರಗಿರ ತಿರುಗುತ್ತದೆ. ಅದನ್ನು ಇವಳು, ಮಳೆಗಾಲದ ಕೃಷ್ಣೆಯಲ್ಲಿ!

ತವರೂರು ಮುಳುಗಿದ್ದು ಗೊತ್ತಿತ್ತು. ನಾನೇ ಎಷ್ಟೋ ವೇದಿಕೆಯಲ್ಲಿ "ನನ್ನ ಹೆಂಡತಿಯ ಊರನ್ನು ನಾಡಿಗಾಗಿ ಕೊಟ್ಟವರು ನಾವು" ಎಂದು ಭಾಷಣ ಮಾಡಿದ್ದೇನೆ. ಆದರೆ ತೆಪ್ಪದ ಸುದ್ದಿ ಇವತ್ತೇ ಕೇಳಿದ್ದು. ಪಾಟಿಯ ಮೇಲೆ ಬರೆದೆ: ಇದನ್ನು ನನಗೆ ಯಾಕೆ ಹೇಳಲಿಲ್ಲ?

ಈ ಸಲ ಚಸ್ಮಾ ಹಾಕಿಕೊಂಡೇ ಓದಿದಳು. "ಹೇಳಾಕ ಸಂದು ಎಲ್ಲಿತ್ರಿ?" ಎಂದಳು.

ಅಬಿದಾ ನಕ್ಕಳು. ಶಮಶುದ್ದೀನ ಕೆಂಡ ಕೆದರುವ ನೆಪದಲ್ಲಿ ಆ ಕಡೆ ತಿರುಗಿದ. ಸಿಟ್ಟಿನಿಂದಲ್ಲ ಅವಳು ಅಂದದ್ದು. ಹಾಗೇ ಅಂದಳು.

ಜನವರಿ 9, ಶುಕ್ರವಾರ

ಬೆಳಿಗ್ಗೆ ಎದ್ದರೆ ಪಕ್ಕದಲ್ಲಿ ಇಲ್ಲ. ಹೊರಗೆ ಬಂದೆ. ನೀರಿನ ಮೇಲೆ ಮಂಜು. ಅಬಿದಾಳ ಮನೆಯ ಮೀನು ಹಿಡಿಯುವ ತೆಪ್ಪವೊಂದು ದಂಡೆಯಿಂದ ದೂರದಲ್ಲಿದೆ. ಅದರಲ್ಲಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಕೂತಿರುವವಳು ನನ್ನ ಹೆಂಡತಿ.

ಕೂಗಲು ಬಾಯಿ ತೆರೆದೆ. ಕೈಯಿಂದ ಬಾಯಿ ಮುಚ್ಚಿಕೊಂಡು ನೀರಿನಂಚಿನಲ್ಲಿ ಅತ್ತಿತ್ತ ಓಡಾಡಿದೆ. ಚಪ್ಪಲಿ ಕೆಸರಿನಲ್ಲಿ ಸಿಕ್ಕಿಕೊಂಡಿತು.

ಮೊದಲು ತೆಪ್ಪ ತಿರುಗಿತು. ಒಂದು ಸುತ್ತು, ಇನ್ನೊಂದು ಸುತ್ತು. ಅವಳು ನಕ್ಕಿದ್ದು ನೀರಿನ ಮೇಲಿಂದ ಇಲ್ಲಿಯವರೆಗೆ ಕೇಳಿತು. ಆಮೇಲೆ ಮೊಣಕಾಲೂರಿ ಮುಂದಕ್ಕೆ ಬಾಗಿ, ಹುಟ್ಟನ್ನು ಎದುರಿಗೆ ಇಳಿಸಿ, ರೊಟ್ಟಿಯ ಹಿಟ್ಟು ನಾದುವ ಹಾಗೆ ತನ್ನ ಕಡೆಗೆ ಎಳೆದುಕೊಳ್ಳತೊಡಗಿದಳು. ಆ ದುಂಡನೆಯ ಬುಟ್ಟಿ ಗೆರೆ ಎಳೆದಂತೆ ನೆಟ್ಟಗೆ ಬಂತು. ಎದುರಿಗೆ ಕೂತ ಅಬಿದಾ ಚಪ್ಪಾಳೆ ಹೊಡೆಯುತ್ತಿದ್ದಳು.

ದಂಡೆಗೆ ಇಳಿದವಳು ನನ್ನ ಕಾಲು ನೋಡಿ, "ಏನ್ರಿ, ನಿಮ್ಮ ಇನ್ನೊಂದ ಚಪ್ಪಲಿ ಎಲ್ಲಿ?" ಎಂದಳು.

ಅವಳ ತೋಳಿನ ನರ ಕಾಣುತ್ತಿದ್ದವು. ಪೈಲ್ವಾನರ ತೋಳು ನೋಡಿ ಪಳಗಿದ ಕಣ್ಣು ನನ್ನದು. ಇದು ಕಣಕ್ಕೆ ಇಳಿಸಬಹುದಾದ ತೋಳು.

ಜನವರಿ 11, ರವಿವಾರ

ಇಂಗಳೇಶ್ವರ, ಬಸವನ ಬಾಗೇವಾಡಿ ಎರಡೂ ಆಯಿತು. ಇಂಗಳೇಶ್ವರದಲ್ಲಿ ಕಲ್ಲಿನಲ್ಲಿ ಕೊರೆದ ವಚನಗಳ ಮುಂದೆ ಯಾವಾಗ ಬಂದರೂ ನಾನು ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ, ಜನ ಸೇರುತ್ತಿದ್ದರು. ಇವತ್ತು ನಮ್ಮಾಕೆ ಅಕ್ಷರದ ಮೇಲೆ ಬೆರಳಿಟ್ಟು, ತಡೆದು ತಡೆದು, ತನಗಷ್ಟೇ ಕೇಳುವಂತೆ ಓದಿದಳು. ಒಂದು ವಚನ ಮುಗಿಸಲು ಬಹಳ ಹೊತ್ತು ಬೇಕಾಯಿತು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ವಚನ ನನಗೆ ಬಾಯಿಪಾಠ. ಆದರೂ ಅದರ ಒಂದು ಮಾತಿನ ಅರ್ಥ ಇವತ್ತು ಹೊಸದಾಗಿ ಹೊಳೆಯಿತು. ಬಿಸಿಲು ಕಡಿಮೆ ಇದ್ದುದಕ್ಕೆ ಇರಬಹುದು.

ಬಾಗೇವಾಡಿಯಲ್ಲಿ ಗುಡಿಗೆ ಹೋಗಿ, ಚಹಾ ಕುಡಿದು, ಹೊಸ ಚಪ್ಪಲಿ ಕೊಂಡೆ.

ಬರುವಾಗ ಜೀಪಿನಲ್ಲಿ ಒಂದು ಸುದ್ದಿ. ಸಂಕ್ರಮಣದ ದಿನ ಹೊಳೆಸ್ನಾನಕ್ಕೆ ಸುತ್ತಲಿನ ಊರುಗಳೆಲ್ಲ ಬುತ್ತಿ ಕಟ್ಟಿಕೊಂಡು ಈ ದಂಡೆಗೆ ಬರುತ್ತವೆ. ಆವತ್ತು ತೆಪ್ಪದ ಓಟ ಇಡುತ್ತಾರೆ. ಹೆಂಗಸರ ಓಟ ಈ ವರ್ಷವೇ ಮೊದಲು. ಅಬಿದಾ ತನ್ನ ಹೆಸರಿನ ಜೊತೆ ನಮ್ಮಾಕೆಯ ಹೆಸರನ್ನೂ ಕೊಟ್ಟುಬಿಟ್ಟಿದ್ದಾಳೆ!

ಜನವರಿ 12, ಸೋಮವಾರ

ಪಾಟಿಯ ಎರಡೂ ಬದಿ ತುಂಬಿಸಿದೆ. ಈ ವಯಸ್ಸಿನಲ್ಲಿ ಓಟವೇ? ಜನ ಏನೆಂದಾರು? ಮೈಕ್ ಗುರಪ್ಪನ ಹೆಂಡತಿ ಸೋತಳು ಎಂದು ನಾಲ್ಕು ತಾಲೂಕಿನಲ್ಲಿ ಸುದ್ದಿಯಾದರೆ ನಾನು ಮುಖ ಎಲ್ಲಿ ಇಟ್ಟುಕೊಳ್ಳಲಿ?

ಅವಳು ಪೂರ್ತಿ ಓದಿದಳು. "ನಿಮ್ಮ ಮಾರಿ ಇದ್ದಲ್ಲೇ ಇರತೈತಿ ಬಿಡ್ರಿ. ಜನ ನೋಡೂದು ತೆಪ್ಪ" ಎಂದು ಪಾಟಿಯನ್ನು ಸೆರಗಿನಿಂದ ಒರೆಸಿ ವಾಪಸು ಕೊಟ್ಟಳು.

ಸಿಟ್ಟಿನಿಂದ ಮಧ್ಯಾಹ್ನ ಉಣ್ಣಲಿಲ್ಲ. ಸಂಜೆ ಅಬಿದಾ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಉಂಡೆ.

ಜನವರಿ 13, ಮಂಗಳವಾರ

ಪರೀಕ್ಷೆಯ ಸುದ್ದಿ ಬಂತು.

ಭಾಗ್ಯಜ್ಯೋತಿಯ ಫೋನು. ನಾನು ಎತ್ತಿ ಏನು ಮಾಡಲಿ, ಮಾತಾಡುವಂತಿಲ್ಲ. ಇವಳ ಕೈಗೆ ಕೊಟ್ಟೆ. ಕಿವಿಗೆ ಒತ್ತಿಕೊಂಡಳು. "ಹೂಂ" ಎಂದಳು. "ಹೂಂ... ಹೂಂ..." ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಎಂಥೆಂಥ ಜಗಜಟ್ಟಿಗಳು ಎದುರಾಳಿಯ ಕಣ್ಣು ನೋಡುತ್ತ ನಿಂತಿದ್ದನ್ನು ವರ್ಣಿಸಿದವನು ನಾನು. ಆ ನಿಲುವು ಎಂಥದ್ದೆಂದು ಇವತ್ತೇ ತಿಳಿದದ್ದು. ಅವಳು ಕೂತಳು. ನಾನು ಅವಳ ಎದುರಿಗೆ ಹೋಗಿ ನಿಂತೆ.

ಫೋನು ಇಟ್ಟು ಹೇಳಿದಳು. "ಕ್ಯಾನ್ಸರ್ ಅಲ್ಲಂತ್ರಿ."

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ದಿನ ಅವಳೂ ಹೆದರಿದ್ದಳು ಎನ್ನುವುದು ನನಗೆ ಹೊಳೆದೇ ಇರಲಿಲ್ಲ.

"ಇನ್ನೊಂದ್ ಮಾತೈತ್ರಿ. ಮುಚ್ಚಿ ಇಡೂದಿಲ್ಲ. ದನಿ ಬರತೈತಿ, ಆದ್ರ ಮೊದಲಿನಂಗ ಬರೂದಿಲ್ಲಂತ. ದಿನಪೂರ್ತಿ ಮೈಕ್ ಹಿಡದು ಒದರೂದು ಇನ್ನ ಆಗೂದಿಲ್ಲಂತ."

ಪಾಟಿಯನ್ನು ಎಸೆದೆ. ಮೂಲೆ ಮುಕ್ಕಾಯಿತು.

ಜನವರಿ 14, ಭೋಗಿ

ದಿನವಿಡೀ ನೀರಿನ ದಂಡೆಯಲ್ಲಿ ಕೂತಿದ್ದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಭರ್ತ, ಶೇಂಗಾ ಹೋಳಿಗೆ, ಎಲ್ಲ ಅಲ್ಲಿಗೇ ತಂದಳು. ಪಕ್ಕದಲ್ಲಿ ಕೂತಳು. ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ.

ಮುಳುಗಿದ ಊರಿನ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಇವಳು ಅದನ್ನು ನೋಡುತ್ತ ಹೋಳಿಗೆ ಮುರಿದು ತಿನ್ನುತ್ತಿದ್ದಳು. ಹೋದದ್ದರ ಎದುರು ಕೂತು ಹೀಗೆ ಹೋಳಿಗೆ ತಿನ್ನುವುದಕ್ಕೂ ಎದೆ ಬೇಕು.

ಮುಕ್ಕಾದ ಪಾಟಿಯ ಮೇಲೆ ಬರೆದು ತೋರಿಸಿದೆ: ನಾಳೆಯ ಹುಟ್ಟು ಗಟ್ಟಿ ಇದೆಯೋ ಇಲ್ಲವೋ ನೋಡಿಕೊ.

ಜನವರಿ 15, ಸಂಕ್ರಮಣ

ಎಲ್ಲವನ್ನೂ ಬರೆಯಬೇಕು. ಕೂಗಿ ಹೇಳಲಾಗದ್ದನ್ನು ಬರೆದಾದರೂ ಇಡಬೇಕು.

ಬೆಳಿಗ್ಗೆಯಿಂದಲೇ ಜನ. ಟ್ರ್ಯಾಕ್ಟರು, ಟಂಟಂ, ಬೈಕು. ಎಳ್ಳು ಅರೆದು ಮೈಗೆ ಹಚ್ಚಿಕೊಂಡು ನೀರಿಗಿಳಿಯುವವರು, ದಂಡೆಯುದ್ದಕ್ಕೂ ಬುತ್ತಿ ಬಿಚ್ಚಿದವರು, ಕಂಡವರಿಗೆಲ್ಲ ಕುಸುರೆಳ್ಳು ಕೊಡುವವರು. ನನ್ನ ಗುರುತು ಹಿಡಿದವರು ಕೈ ಮುಗಿದರು. ನಾನು ಗಂಟಲು ತೋರಿಸಿ ಕೈ ಮುಗಿದೆ.

ಹಲಗೆ ಜೋಡಿಸಿದ ವೇದಿಕೆಯ ಮೇಲೆ ಮೈಕು ಹಿಡಿದವನು ಕಲ್ಮೇಶ. ಮುದ್ದೇಬಿಹಾಳ ಕಡೆಯ ಹೈಸ್ಕೂಲು ಮಾಸ್ತರ. ದನಿ ಪರವಾಗಿಲ್ಲ, ಉಸಿರು ಹಿಡಿಯಲು ಬರುವುದಿಲ್ಲ.

ಮಧ್ಯಾಹ್ನ ಹೆಂಗಸರ ಓಟ. ತೆಪ್ಪಕ್ಕೆ ಇಬ್ಬರಂತೆ ಆರು ಜೋಡಿ. ನೀರಿನ ನಡುವೆ ಕೆಂಪು ಬಾವುಟ ಕಟ್ಟಿದ ಡ್ರಮ್ಮು ತೇಲಿಬಿಟ್ಟಿದ್ದರು. ಅದನ್ನು ಸುತ್ತಿಕೊಂಡು ದಂಡೆ ಮುಟ್ಟಬೇಕು. ಎಲ್ಲರಿಗೂ ತೇಲುವ ಜಾಕೀಟು ಹಾಕಿಸಿದರು. ಹಸಿರು ಇಳಕಲ್ ಸೀರೆಯ ಮೇಲೆ ಕೇಸರಿ ಜಾಕೀಟು ಹಾಕಿಕೊಂಡು ನನ್ನ ಹೆಂಡತಿ ತೆಪ್ಪ ಹತ್ತಿದಳು. ನನ್ನ ಕಡೆ ನೋಡಲಿಲ್ಲ. ಸರಿಯಾದದ್ದೇ. ಕಣಕ್ಕೆ ಇಳಿಯುವವನು ಜನರ ಕಡೆ ನೋಡಬಾರದು.

ಸೀಟಿ ಊದಿದರು.

ಉಳಿದವರೆಲ್ಲ ಒಮ್ಮೆಲೆ ನುಗ್ಗಿದರು. ಗಾಳಿ ಬೆನ್ನಿಗಿತ್ತು, ತೆಪ್ಪಗಳು ಎಲೆಯಂತೆ ತೇಲಿಹೋದವು. ಇವಳು ಮಾತ್ರ ಅವಸರ ಮಾಡಲಿಲ್ಲ. ಎಲ್ಲರಿಗಿಂತ ಹಿಂದೆ ಉಳಿದಳು. ನನ್ನ ಪಕ್ಕದವನೊಬ್ಬ "ಆ ಮುದುಕಿ ಯಾಕ ಹೋಗ್ಯಾಳೋ?" ಎಂದ. ಅವನ ಕಡೆ ನಾನು ನೋಡಿದ ನೋಟಕ್ಕೆ ಅವನು ನಾಲ್ಕು ಹೆಜ್ಜೆ ಆಚೆ ಸರಿದ.

ಡ್ರಮ್ಮು ಸುತ್ತುವಾಗ ಆಟ ತಿರುಗಿತು. ಈಗ ಗಾಳಿ ಎದುರಿಗೆ. ಮುಂದೆ ಹೋದವರ ತೆಪ್ಪಗಳು ಒಂದಕ್ಕೊಂದು ಬಡಿದು ಗಿರಗಿರ ತಿರುಗಿದವು. ಇವಳು ಅವನ್ನೆಲ್ಲ ಬಿಟ್ಟು ಎಡಕ್ಕೆ, ಗಾಳಿ ತಾಗದ ದಿನ್ನೆಯ ಮರೆಗೆ ಸರಿದಳು. ದಾರಿ ದೂರವಾಯಿತು, ಆದರೆ ನೀರು ಸುಮ್ಮನಿತ್ತು. ಅಲ್ಲಿಂದ ಮೊಣಕಾಲೂರಿ ಎಳೆಯತೊಡಗಿದಳು ನೋಡಿ! ಒಬ್ಬರನ್ನು ಹಿಂದೆ ಹಾಕಿದಳು. ಇನ್ನೊಬ್ಬರನ್ನು. ಅಬಿದಾ ಬಾಗಿ ಬಾಗಿ ತೂಕ ಹಿಡಿಯುತ್ತಿದ್ದಳು.

ಕಲ್ಮೇಶ ಕೂಗಿದ, "ಬಂತು ನೋಡ್ರಿ, ಎಡಕ್ಕ ಬಂತು! ನಮ್ಮ ನಾಡಿನ ಹೆಮ್ಮೆಯ ಮೈಕ್ ಗುರಪ್ಪನವರ ಧರ್ಮಪತ್ನಿಯವರು, ಶಮಶುದ್ದೀನ ಅಣ್ಣಾರ ಮನಿಯವರು!"

ಜನ ಚಪ್ಪಾಳೆ ಹೊಡೆದರು. ಕೆಲವರು ನನ್ನ ಕಡೆ ತಿರುಗಿ ನಕ್ಕರು. ಮೊದಲು ಎದೆ ಉಬ್ಬಿದ್ದು ಸುಳ್ಳಲ್ಲ. ಮರುಕ್ಷಣವೇ ಸಿಟ್ಟು ಬಂತು. ಇದೆಂಥ ಮೈಕಿನ ಕೆಲಸ? ಕಣದಲ್ಲಿ ಬೆವರು ಸುರಿಸುವವನ ಹೆಸರು ಬಿಟ್ಟು ದಂಡೆಯಲ್ಲಿ ನಿಂತವನ ಹೆಸರು ಕೂಗುವುದುಂಟೇ? ನನ್ನ ಶಿಷ್ಯನಾಗಿದ್ದರೆ ಅಲ್ಲೇ ಕೈಯಿಂದ ಮೈಕು ಕಸಿಯುತ್ತಿದ್ದೆ.

ಜನರನ್ನು ಸರಿಸಿ ವೇದಿಕೆ ಹತ್ತಿದೆ. ಪಾಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: ಸಾವಂತ್ರವ್ವ. ಅಬಿದಾ. ಹೆಸರು ಹಿಡಿದು ಕೂಗು.

ಕಲ್ಮೇಶ ನನ್ನನ್ನು ಕಂಡವನೇ ಕಾಲು ಮುಟ್ಟಿದ. ಪಾಟಿ ಓದದೆಯೇ ಮೈಕನ್ನು ನನ್ನ ಕೈಗೆ ಕೊಟ್ಟ. "ಕಾಕಾ, ನೀವ ಹೇಳ್ರಿ. ನೀವಿದ್ದು ನಾ ಹೇಳೂದೇನ್ರಿ!"

ಮೈಕು ಕೈಯಲ್ಲಿತ್ತು. ಎದುರಿಗೆ ಸಾವಿರಾರು ಜನ. ನೀರಿನ ಮೇಲೆ ಅವಳು. ಮಾತುಗಳೆಲ್ಲ ಒಂದರ ಮೇಲೊಂದು ಗಂಟಲಿಗೆ ಬಂದು ನಿಂತವು. ಜನ್ಮದಲ್ಲಿ ನಾನು ಯಾರಿಗೂ ಕೂಗದ ಮಾತುಗಳು. ಒಂದೇ ಒಂದು ಕೂಗು, ಆಮೇಲೆ ದನಿ ಹೋದರೆ ಹೋಗಲಿ ಎನಿಸಿತು. ನಿಜವಾಗಿಯೂ ಎನಿಸಿತು. ಬಾಯಿ ತೆರೆದೆ.

ಮೊನ್ನೆ ಫೋನು ಇಟ್ಟು ಅವಳು ಕಣ್ಣೊರೆಸಿಕೊಂಡದ್ದು ಕಣ್ಣೆದುರು ಬಂತು.

ಮೈಕನ್ನು ಕಲ್ಮೇಶನ ಕೈಗೆ ವಾಪಸು ಇಟ್ಟು, ಪಾಟಿಯನ್ನು ಅವನ ಮೂಗಿನ ಹತ್ತಿರ ಹಿಡಿದು, ಹೆಸರಿನ ಮೇಲೆ ಬೆರಳಿನಿಂದ ಬಡಿದೆ.

ಅವನು ಓದಿದ. ಜಾಣ, ತಿಳಿದುಕೊಂಡ. "ಸಾವಂತ್ರವ್ವ! ಅಬಿದಾ! ನೋಡ್ರಿ ಸಾವಂತ್ರವ್ವನ ಕೈಯಿ! ಹುಟ್ಟು ನೋಡ್ರಿ!" ಮಕ್ಕಳು ಮೊದಲು ಹಿಡಿದರು, ಆಮೇಲೆ ಹೆಂಗಸರು, ಆಮೇಲೆ ಇಡೀ ದಂಡೆ. ಸಾವಂತ್ರವ್ವಾ, ಸಾವಂತ್ರವ್ವಾ! ನಾನು ಕೈ ಎತ್ತಿ ಬೀಸುತ್ತಿದ್ದೆ, ಎಷ್ಟು ಬೀಸಿದೆನೆಂದರೆ ಭುಜ ಈಗಲೂ ನೋಯುತ್ತಿದೆ.

ಎರಡನೆಯವರಾಗಿ ದಂಡೆ ಮುಟ್ಟಿದರು. ಗೆದ್ದವರು ದಿನಾ ಮೀನಿಗೆ ಹೋಗುವ ಇಬ್ಬರು ಎಳೆಯ ಹೆಣ್ಣುಮಕ್ಕಳು. ಒಂದು ಮಾರಿನ ಅಂತರ. ನ್ಯಾಯವಾದ ಗೆಲುವು. ಸಾವಂತ್ರಿ ತೆಪ್ಪದಿಂದ ಇಳಿದವಳೇ ಆ ಹುಡುಗಿಯರ ಗಲ್ಲ ಹಿಡಿದು, "ಏನ್ ಹುಟ್ಟು ಹಾಕ್ತೀರ್ರೇ ನನ್ನವ್ವಗೋಳ್ರಾ!" ಎಂದಳು. ಆಮೇಲೆ ನನ್ನ ಹತ್ತಿರ ಬಂದಳು. ಏದುಸಿರು. ಕೂದಲೆಲ್ಲ ನೀರು.

"ಒದರಿಲ್ಲ ಹೌದಿಲ್ಲೋ?" ಎಂದು ಕೇಳಿದಳು. ಇಲ್ಲವೆಂದು ತಲೆ ಅಲ್ಲಾಡಿಸಿದೆ. "ನನಗ ಅದ ಅಂಜಿಕಿತ್ರಿ. ತೆಪ್ಪದಾಗ ಅದ ಚಿಂತಿ."

ಬಹುಮಾನವಾಗಿ ಒಂದು ಸ್ಟೀಲಿನ ಕೊಡ ಕೊಟ್ಟರು. ಮನೆಯವರೆಗೆ ನಾನೇ ಹೊತ್ತು ತಂದೆ. ಎದುರಾದವರಿಗೆಲ್ಲ ಕಾಣುವಂತೆ.

ಜನವರಿ 16, ಶುಕ್ರವಾರ

ಬಾಗೇವಾಡಿಯಿಂದ ಬಂದಿದ್ದ ಹಣ್ಣಿನ ಗಾಡಿಯವನು ನನ್ನನ್ನು ನೋಡಿ, "ನೀವು ನಿನ್ನಿ ತೆಪ್ಪ ಹಾಕಿದ ಸಾವಂತ್ರವ್ವಾರ ಯಜಮಾನ್ರಲ್ಲೇನ್ರಿ?" ಎಂದ. ಹೌದೆಂದು ತಲೆಯಾಡಿಸಿದೆ. ಎರಡು ಪೇರಲ ಹೆಚ್ಚು ಹಾಕಿದ. ಒಳ್ಳೆಯ ಮನುಷ್ಯ.

ಜನವರಿ 22, ಗುರುವಾರ. ಇಂಡಿ

ಡಾಕ್ಟರು ಗಂಟಲು ನೋಡಿದರು. ಗಾಯ ಮಾಯ್ದಿದೆ. ದಿನಕ್ಕೆ ಸ್ವಲ್ಪ ಹೊತ್ತು, ಮೆಲ್ಲಗೆ ಮಾತಾಡಬಹುದು ಎಂದರು. ಆಡಿ ನೋಡಿದೆ. ಒಡೆದ ಹಲಗೆ ಬಡಿದ ಸದ್ದು. ಇದೇ ಇನ್ನು ನನ್ನ ದನಿಯಂತೆ. ಇರಲಿ.

ಮನೆಗೆ ಬರುವಷ್ಟರಲ್ಲಿ ಆಲಮೇಲದ ಕುಸ್ತಿ ಕಮಿಟಿಯವರು ಕಾದಿದ್ದರು. ಆಗುವುದಿಲ್ಲವೆಂದೆ. ಕಲ್ಮೇಶನ ಹೆಸರು ಹೇಳಿದೆ. ಅವನ ಉಸಿರು ತಿದ್ದಬೇಕು, ಅದನ್ನು ನಾನು ಪಕ್ಕದಲ್ಲಿ ಕೂತು ತಿದ್ದುತ್ತೇನೆ. ಆದರೆ ಯಾರ ಹೆಸರು ಕೂಗಬೇಕು ಎನ್ನುವುದು ಅವನಿಗೆ ಗೊತ್ತಿದೆ. ಗೊತ್ತು ಮಾಡಿಸಿದವನು ಯಾರು ಎಂದು ಬೇರೆ ಹೇಳಬೇಕಿಲ್ಲ.

ಅವರು ಹೋದ ಮೇಲೆ ಸಾವಂತ್ರಿ ಹಿತ್ತಲಲ್ಲಿ ಲಿಂಬೆಹಣ್ಣು ಹೆಚ್ಚಿ ಉಪ್ಪಿನಕಾಯಿಗೆ ಹಾಕುತ್ತಿದ್ದಳು. ನಾನೂ ಅಲ್ಲಿಗೆ ಮಣೆ ಎಳೆದುಕೊಂಡು ಕೂತೆ.

"ಗಾಳಿ ಎದುರಿಗಿದ್ದಾಗ ತೆಪ್ಪ ತಿರುಗದಂಗ ಹೆಂಗ ಹಿಡೀತಿ?" ಎಂದು ಕೇಳಿದೆ.

ಅವಳು ಚಾಕು ಕೆಳಗಿಟ್ಟಳು. ನನ್ನ ದನಿ ಕೇಳಿ ಬಹಳ ದಿನವಾಗಿತ್ತಲ್ಲ, ಅದಕ್ಕಿರಬೇಕು, ನನ್ನ ಕಡೆ ತಿರುಗಿ ಕೂತಳು. ಆಮೇಲೆ ಶುರು ಮಾಡಿದಳು. ಗಾಳಿಯ ಲಕ್ಷಣ, ನೀರಿನ ಮೇಲಿನ ಸುಕ್ಕು ನೋಡಿ ಸುಳಿ ಗುರುತಿಸುವುದು, ಅವಳಪ್ಪ ಅವಳನ್ನು ಹೊಳೆಯ ನಡುವೆ ಒಬ್ಬಳನ್ನೇ ಬಿಟ್ಟು ಕಲಿಸಿದ್ದು, ಮಳಲಿನಲ್ಲಿ ಕಲ್ಲಂಗಡಿ ಕಾಯುತ್ತಿದ್ದ ದೊಡ್ಡಮ್ಮ ಗುಂಡವ್ವ ನರಿಗೆ ಬೈಯುತ್ತಿದ್ದ ಬೈಗುಳ. ಕೈಯೆಲ್ಲ ಲಿಂಬೆಯ ರಸ, ಅದೇ ಕೈಯನ್ನು ಗಾಳಿಯಲ್ಲಿ ಆಡಿಸುತ್ತ ಹೇಳಿದಳು. ಮಾತಿನಲ್ಲಿ ಏರಿಳಿತವಿದೆ, ತಡೆದು ನಿಲ್ಲಿಸುವ ಜಾಗ ಗೊತ್ತಿದೆ, ಕೇಳುವವನನ್ನು ಕಾಯಿಸುವುದು ಗೊತ್ತಿದೆ. ಮಾತಿನ ಕಸುಬಿನವನು ನಾನು, ಹೊಗಳಿಕೆ ಸುಮ್ಮನೆ ಹೇಳುವವನಲ್ಲ. ನಾಲ್ಕು ತಾಲೂಕಿನಲ್ಲಿ ಹೀಗೆ ಹೇಳುವವರಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ಲಿಂಬೆಹಣ್ಣು ಅರ್ಧ ಹಾಗೇ ಉಳಿದಿದ್ದವು.

ಡಾಕ್ಟರು ಅಪ್ಪಣೆ ಕೊಟ್ಟ ಮಾತಿನಲ್ಲಿ ಇವತ್ತು ಬಹಳಷ್ಟು ಖರ್ಚಾಗಲೇ ಇಲ್ಲ. "ಆಮ್ಯಾಲೆ?" ಎನ್ನುವುದರಲ್ಲೇ ಸಂಜೆ ಸರಿದುಹೋಯಿತು.